ಕಾಲಿಗೆ ಕಟ್ಟಿದ ದಾರ

ಇದನ್ನು ಮೊದಲು ಹೇಳಿದವಳು ನರೀನ್ ಪಟ್ಟಣದ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತಿದ್ದ ತೊಕ್ತೊಬೂಬು. ಕುರಿಗಳ ಉಣ್ಣೆ ಕತ್ತರಿಸುವ ಕಾಲದಲ್ಲಿ, ಉಣ್ಣೆ ಬಿಡಿಸುತ್ತ ಕುಳಿತ ನೆರೆಯ ಹೆಂಗಸರಿಗೆ. ಒಂದು ದಿನ ಆ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಹದಿಮೂರರ ಬೆರ್ಮೆತ್ ತಳ್ಳುಮಂಚದಲ್ಲಿ ಮಲಗಿದ್ದಳು. ಅವಳ ತಾಯಿ ಮತ್ತು ಅಜ್ಜಿಯ ಮಾತು ತೊಕ್ತೊಬೂಬುವಿನ ಕಿವಿಗೆ ಬಿತ್ತು.

"ನಾಲ್ಕು ತಿಂಗಳು ಮೊಣಕಾಲಿಗೆ ಕುರಿಬಾಲದ ಕೊಬ್ಬು ತಿಕ್ಕಿಸಿದ್ರಿ, ಅತ್ತೆ. ಜಾರಿದ್ದು ಸೊಂಟದ ಕೀಲು."

"ಮೊಣಕಾಲೇ ನೋಯೋದು ಅಂತ ಅವಳೇ ಅಂದ್ಲಲ್ಲೇ!"

"ನಿಮ್ಮ ಮೂಳೆ ಕಟ್ಟೋನು ಎಳೆದೆಳೆದು, ತೊಡೆಮೂಳೆ ತಲೆಗೆ ರಕ್ತ ಹೋಗೋದೇ ನಿಂತಿದೆಯಂತೆ. ನೆಟ್ಟಗೆ ನಡೆಯೋದು ಅನುಮಾನ ಅಂದ್ರು ಡಾಕ್ಟರು."

"ಅವನ ತಪ್ಪಲ್ಲ ಕಣೇ. ಇವಳು ಮೊದಲ ಹೆಜ್ಜೆ ಇಟ್ಟಾಗ ಎರಡೂ ಕಾಲು ಸೇರಿಸಿ ಕಟ್ಟಿದ ದಾರಾನ ಓಟದಲ್ಲಿ ಗೆದ್ದೋರು ಕತ್ತರಿಸಬೇಕಿತ್ತು, ಕತ್ತರಿಸಿದೋರ ಹಾಗೇ ಮಗು ಕಾಲೂ ಓಡುತ್ತೆ. ನಾನು ಹಟ ಮಾಡಿ ನನ್ನ ಕುಂಟ ತಮ್ಮನ ಕೈಗೆ ಚಾಕು ಕೊಟ್ಟೆ."

"ದಾರದ ಮೇಲೆ ಹೊರಿಸಿಬಿಡಿ. ಅದು ಬಾಯಿ ಬಿಡಲ್ಲವಲ್ಲ."

ಆಳು ಬಂದು ಹುಡುಗಿಯ ಎರಡೂ ಕಾಲುಗಳನ್ನು ಪಟ್ಟಿಯಿಂದ ಸೇರಿಸಿ ಕಟ್ಟಿ, ಮಂಚವನ್ನು ತಳ್ಳಿದ.

"ಅಜ್ಜಿ, ಈ ಡಾಕ್ಟರು ಚೆನ್ನಾಗಿ ಓಡ್ತಾರಾ?"

ಮಂಚ ಒಳಗೆ ಹೋಗಿ ಬಾಗಿಲು ಮುಚ್ಚಿತು.

ಹುಡುಗಿ ಏನಾದಳೆಂದು ಹೆಂಗಸರು ಕೇಳಿದರು. ತನ್ನ ಕೆಲಸ ಆ ಬಾಗಿಲಿನವರೆಗೆ ಮಾತ್ರ ಎಂದಳು ತೊಕ್ತೊಬೂಬು. ಅವರು ಮಡಿಲಿನ ಉಣ್ಣೆ ಕೊಡವಿಕೊಂಡು ಎದ್ದು, ತಮ್ಮ ತಮ್ಮ ಮನೆಗೆ ನಡೆದರು.