ಹಿಂದೆ ಬಂದಾಕಿ

ಮೋಟಾರು ತಡಸದಲ್ಲಿ ಕೆಟ್ಟು ನಿಂತದ್ದು ದೀಪ ಹಚ್ಚುವ ಹೊತ್ತಿಗೆ. ಯುದ್ಧದ ಕಾಲ; ಪೆಟ್ರೋಲು ಸಿಗದೆ ಸರ್ವಿಸ್ ಮೋಟಾರುಗಳೆಲ್ಲ ಬೆನ್ನಿಗೊಂದು ಒಲೆ ಕಟ್ಟಿಕೊಂಡು ಇದ್ದಲಿಯ ಹೊಗೆಯ ಮೇಲೆ ಓಡುತ್ತಿದ್ದವು. ಆವತ್ತಿನ ಮಳೆಗೆ ಇದ್ದಲಿಯ ಚೀಲಗಳೆಲ್ಲ ನೆನೆದು ಮುದ್ದೆಯಾಗಿದ್ದವು. ಡ್ರೈವರ್ ಮೆಹಬೂಬ ಒಲೆ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು, "ಇವತ್ತ ಇದು ಏಳಂಗಿಲ್ರೀ, ಮುಂಜಾನಿ ನೋಡೂಣು" ಎಂದು ಕೈಚೆಲ್ಲಿದ. ಊರಲ್ಲಿ ನೆಂಟರಿದ್ದವರು ನೆಂಟರ ಮನೆ ಹುಡುಕಿಕೊಂಡು ಹೋದರು. ಇಲ್ಲದವರು ರಸ್ತೆ ಬದಿಯ ಹಾಲವ್ವನ ಚಾದಂಗಡಿಯ ತಗಡಿನ ಕೆಳಗೆ ಸೇರಿಕೊಂಡರು.

ಹಾಗೆ ಸೇರಿಕೊಂಡವರಲ್ಲಿ ಶಾಮಲಾ, ಅವಳ ಗಂಡ ಪ್ರಹ್ಲಾದ ಇಬ್ಬರೂ ಇದ್ದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಪ್ರಹ್ಲಾದ ಸವಣೂರಿನಲ್ಲಿ ಮಾಸ್ತರ. ಅವನಿಗೊಂದು ಹುಚ್ಚು, ರಜೆ ಬಂತೆಂದರೆ ಮೋಟಾರು ಹತ್ತಿ, ಅಡವಿ ಕಂಡಲ್ಲಿ ಇಳಿದು, ಕಾಲುಹಾದಿ ಹಿಡಿದು ನಡೆಯುವುದು. ಎತ್ತ ಹೋಗಬೇಕೆಂದಿಲ್ಲ, ಯಾರನ್ನು ನೋಡಬೇಕೆಂದಿಲ್ಲ, ಸುಮ್ಮನೆ ನಡೆಯುವುದು. ಈ ಸಲ ಹೆಂಡತಿಯನ್ನೂ ಹೊರಡಿಸಿಕೊಂಡು ಬಂದಿದ್ದ.

ಶಾಮಲಾ ಖುಷಿಯಿಂದಲೇ ಹೊರಟಿದ್ದಳು. ಆದರೆ ಒಂದು ಅಳುಕು ಅವಳಿಗಿತ್ತು. ಗಂಡ ಬಿರುಸಿನ ನಡಿಗೆಯವ, ಹಿಂದೆ ತಿರುಗಿ ನೋಡುವವನಲ್ಲ. ಹೋದ ತಿಂಗಳು ಸಂತೆಯಲ್ಲಿ ಅವಳು ಬಳೆಗಾರನ ಮುಂದೆ ನಿಂತಿದ್ದಾಗ, ಅವನು ಮನೆಯವರೆಗೂ ಒಬ್ಬನೇ ಮಾತಾಡಿಕೊಂಡು ಹೋಗಿದ್ದ. ಮನೆ ಮಂದಿಯೆಲ್ಲ ನಕ್ಕರು, ಅವಳೂ ನಕ್ಕಳು. ಅಂದಿನಿಂದ ಒಂದು ಯೋಚನೆ ಮಾತ್ರ ಅವಳನ್ನು ಬಿಡಲೊಲ್ಲದು... ಇವರು ನನ್ನ ಮುಖವನ್ನು ಒಮ್ಮೆಯಾದರೂ ಸರಿಯಾಗಿ ನೋಡಿದ್ದಾರೆಯೇ? ನಾಲ್ಕು ಜನರ ನಡುವೆ ನಿಲ್ಲಿಸಿದರೆ ಗುರುತು ಹಿಡಿದಾರೆಯೇ?

"ಮುಂಜಾನೆ ಮೋಟಾರಿನ ದಾರಿ ಕಾಯೂದು ಬ್ಯಾಡ" ಎಂದ ಪ್ರಹ್ಲಾದ. "ಈಚಲ ಬನ ದಾಟಿ ಅಡವಿಯೊಳಗ ನಡದ್ರ ಮಧ್ಯಾಹ್ನದೊಳಗ ಹಾನಗಲ್ಲ ರಸ್ತೆ ಸಿಗ್ತದ. ಹೆಂಥಾ ಹಾದಿ ಅಂತೀ!"

ಒಲೆಯ ಮುಂದಿದ್ದ ಹಾಲವ್ವ ಚಾದ ಕಿಟ್ಲಿಯನ್ನು ಕುಕ್ಕಿ ಇಟ್ಟಳು. ಮುದುಕಿಗೆ ಬಾಯಿ ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ಚಿಟಿಕೆ ತಪಕೀರು ಮೂಗಿಗೇರಿಸಿ ಸೀನಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೇಳಿದಳು, "ಮಾಸ್ತರ, ಹೇಣ್ತೀನ ಕರಕೊಂಡು ಆ ಹಾದಿಲೆ ಹೊಂಟೀರೇನು? ಇಬ್ಬರ ಹೊಕ್ಕು ಇಬ್ಬರ ಹೊರಗ ಬರ್ತೀರಿ, ಅದರಾಗ ಸಂಶೆ ಇಲ್ಲ... ಆದ್ರ ಯಾವ ಇಬ್ಬರು?"

ಕುಳಿತವರು ಚಾದ ಬಟ್ಟಲು ಹಿಡಿದುಕೊಂಡೇ ಒಲೆಯತ್ತ ಸರಿದರು. ತಗಡಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಹಾಲವ್ವ ದನಿ ಏರಿಸಿದಳು.

"ಕೇಳ್ರಿ ಹಂಗಾರ. ಮೋಟಾರ ಹೊಸದಾಗಿ ಬಂದ ಕಾಲ ಅದು. ಅದಕ್ಕಿಂತ ಮೊದಲ ಈ ಅಡವಿಗೆ ಯಾರ ಹೊಕ್ಕಿದ್ರು? ಕಟಗಿ ಕಡಿಯಾಂವ, ಜೇನ ಬಿಡಸಾಂವ, ಎಮ್ಮಿ ಕಳಕೊಂಡಾಂವ. ಮೋಟಾರ ಬಂತ ನೋಡ್ರಿ, ಕೆಲಸ ಇಲ್ಲದಾವರೂ ಬಂದು ಇಳ್ಯಾಕ ಹತ್ತಿದ್ರು. ಎಲ್ಲಾರ ಕಣ್ಣೂ ಹಳ್ಳದ ದಂಡಿ ಈಚಲ ಬನದ ಮ್ಯಾಲ, ಮುಂಜಾನಿ ಇಳಿಸಿದ ಸಿಂದಿ ಮ್ಯಾಲ! ಬಾಯಿಲೆ ಮಾತ್ರ 'ಹವಾ ತಗೊಳ್ಳಾಕ ಬಂದೇವಿ' ಅಂತಿದ್ರು. ಹೋಗೂಮುಂದ ನೆಟ್ಟಗ ಹೋಗಿ, ಬರೂಮುಂದ ಹಾದಿ ಅಗಲ ಅಳತಿ ಮಾಡ್ಕೋತ ಬರ್ತಿದ್ರು.

ಅದರಾಗ ಒಬ್ಬಾಂವ ಖರೇನ ಹವಾಕ್ಕ ಬರಾಂವ. ಶಿಗ್ಗಾವಿ ಜವಳಿ ಅಂಗಡಿ ಪರಮೇಶಪ್ಪ. ಒಂದ ಹನಿ ಮುಟ್ಟಿದಾಂವಲ್ಲ. ಆದ್ರ ಈಚಲ ಮರದ ಕೆಳಗ ಕುಂತು ಮಜ್ಜಿಗಿ ಕುಡದ್ರೂ ಮಂದಿ ಏನಂತಾರ, ನೀವ ಹೇಳ್ರಿ? ಅವರವ್ವ ವೀರವ್ವಗೂ ಅದ ಚಿಂತಿ. ದಿನಾ ಲಿಂಗಪೂಜಿ ಆಗೂ ಮನಿತನ, ಮಗ ಸಿಂದಿಗಡಿಗಿ ಬೆನ್ನ ಹತ್ಯಾನ ಅಂದ್ರ ಮಕಾ ಎಲ್ಲಿಡೂದು? ಒಂದ ಐತವಾರ ಸೊಸಿ ನಾಗವ್ವಗ ಹೇಳಿದ್ಲು, 'ಗಂಡನ ಹಿಂದ ನೀನೂ ಹೋಗು. ಕುಡೀತಾನೇನ ನೋಡ್ಕೊಂಡ ಬಾ.' ಹಾನಗಲ್ಲ ಹುಡುಗಿ, ಗಂಡನ ಮನಿಗೆ ಬಂದು ಇನ್ನಾ ನಾಕ ದಿನ ಆಗಿಲ್ಲ. ಹೂಂ ಅಂದ್ಲು.

ಅಂವ ಮುಂದ, ಆಕಿ ಹಿಂದ... ನಮ್ಮ ಕಡೆ ಗಂಡ ಹೇಣ್ತಿ ಜೋಡಿ ಹೆಜ್ಜಿ ಹಾಕಿದ್ರ ಮಂದಿ ನಗತಾರ. ಹೆಸರಂತೂ ಕೇಳಬ್ಯಾಡ್ರಿ. ಗಂಡನ ಹೆಸರ ಹಿಡದ್ರ ಅಂವನ ಆಯುಷ್ಯ ಸವೀತೈತಿ, ಹೇಣ್ತಿ ಹೆಸರ ಹಿಡದ್ರ ಗಂಡಸಿಗೆ ನಾಚಿಕಿ. ಆಕಿ 'ರೀ' ಅನ್ನಬೇಕು, ಅಂವ 'ಏ' ಅನ್ನಬೇಕು. ಮನ್ಯಾಗ ನಡೀತೈತಿ ಯವ್ವಾ, ಅಲ್ಲೆ ಓ ಅನ್ನಾಕಿ ಒಬ್ಬಾಕೀನ. ಅಡವ್ಯಾಗ ನಿಂತು 'ಏ' ಅಂದ್ರ... ಯಾರ್ಯಾರ ಓ ಅಂತಾರ, ಯಾರಿಗ್ಗೊತ್ತ?

ಸಾಗವಾನಿ ಗಿಡದ ಸಾಲು ಶುರು ಆಗೂ ಹೊತ್ತಿಗೆ ಆಕಿ ಕಾಲಾಗ ಮುಳ್ಳ ಮುರೀತು. ಕೂತು ತಗ್ಯಾಕ ಹತ್ತಿದ್ಲು. ಗಂಡ ತಿರುವಿನಾಗ ಕಾಣದಂಗಾದ. 'ರೀ, ನಿಂದರ್ರೀ' ಅಂದ್ಲು. 'ಓ, ಬಾ' ಅಂತ ಕೇಳಿಸ್ತು. ಗಂಡನ ಅಂತ ತಿಳದು ಆ ದನಿ ಬಂದ ದಿಕ್ಕಿಗೆ ನಡದ್ಲು... ಅದು ಹಾದೀನ ಅಲ್ಲ. ಈ ಕಡೆ ಪರಮೇಶಪ್ಪ ನಡಕೋತನ 'ಏ, ಬಂದ್ಯಾ?' ಅಂದ. ಬೆನ್ನ ಹಿಂದ 'ಹೂಂ, ಬಂದೆ' ಅಂತು. ಬಳಿ ಸಪ್ಪಳಾನೂ ಕೇಳಸ್ತು. ಮತ್ತ ತಿರುಗಿ ನೋಡೂದ್ಯಾಕ?

ಸಂಜಿಕ ಇಬ್ಬರೂ ಈ ಅಂಗಡಿ ಮುಂದ ಬಂದು ನಿಂತ್ರು. ಆಕಿ ಮಕಾ ತುಂಬ ಸೆರಗ ಎಳಕೊಂಡಿದ್ಲು. ಹೊಸ ಮದುವಿ, ನಾಚಿಕಿ ಅಂತ ನಾ ತಿಳದೆ. ಆದ್ರ ಕಾಲ ಕಂಡ್ವು... ದಿನಾ ಪೂರ್ತಿ ಅಡವಿ ತುಳದ ಕಾಲಲ್ಲವು. ಈಗ ತೊಳದು ಇಟ್ಟಂಗ ಇದ್ವು."

ಹಾಲವ್ವ ಒಲೆಗೆ ಒಂದು ಕೊರಡು ನೂಕಿದಳು. ಹಸಿ ಕಟ್ಟಿಗೆ ಹೊಗೆಯಾಡಿತು.

"ಮರುದಿನ ಹೊತ್ತು ಏರಿದ ಮ್ಯಾಲ ಖರೆ ನಾಗವ್ವ ಅಡವಿ ಬಿಟ್ಟು ಹೊರಗ ಬಂದ್ಲು. ಸೀರಿ ಹರದು ಚಿಂದಿ, ತಲಿ ತುಂಬ ಕಸಕಡ್ಡಿ, ರಾತ್ರಿ ಪೂರ್ತಿ 'ರೀ, ರೀ' ಅಂತ ಒದರಿ ದನಿ ಬಿದ್ದು ಹೋಗಿತ್ತು. ಮೋಟಾರ ಹತ್ತಿ ಶಿಗ್ಗಾವಿಗೆ ಹ್ವಾದ್ಲು. ಮನಿ ಬಾಗಲದಾಗ ನಿಂತು 'ಅತ್ತಿ, ಬಂದೇನ್ರೀ' ಅಂದ್ಲು. ವೀರವ್ವ ಹೊರಗ ಬಂದ್ಲು. ಆಕಿ ಹಿಂದ, ಕೈತುಂಬ ರೊಟ್ಟಿ ಹಿಟ್ಟ ಮೆತ್ತಿಕೊಂಡು... ಇನ್ನೊಬ್ಬ ನಾಗವ್ವ ಬಂದ್ಲು. ಅದ ಮಕ, ಅದ ಮೂಗಬಟ್ಟು.

ಓಣಿಗೆ ಓಣೀನ ಕೂಡಿತು. ಪರಮೇಶಪ್ಪನ್ನ ಅಂಗಡಿಯಿಂದ ಕರಸಿದ್ರು. ಬಾಗಲದಾಗಿನಾಕಿ ಅಂದ್ಲು, 'ನನ್ನ ನೋಡ್ರಿ. ಒಮ್ಮೆ ನೆಟ್ಟಗ ನೋಡ್ರಿ.' ಅಂವ ನೆಲಾ ನೋಡಿದ. ಆಗ ಆಕಿ ಜೀವ ತಡೀಲಿಲ್ಲ ನೋಡ್ರಿ, ನಾಕ ಮಂದಿ ಎದುರಿಗೆ ಬಾಯಿಬಿಟ್ಟು ಒದರಿದ್ಲು... 'ಪರಮೇಶಪ್ಪಾ, ನಾನು ನಾಗವ್ವ, ನನ್ನ ನೋಡು!'

ಅಷ್ಟ ಸಾಕಾತು. 'ಕೇಳಿದ್ರ್ಯಾ?' ಅಂದ್ಲು ವೀರವ್ವ, 'ಗಂಡನ ಹೆಸರ ಹಿಡೀತಾಳ! ಮನಿತನದ ಹೆಣ್ಣ ಹಿಡೀತಾಳೇನು? ಇದು ನನ್ನ ಸೊಸಿ ಅಲ್ಲ, ಅಡವ್ಯಾಗಿಂದು ಬೆನ್ನ ಹತ್ತಿ ಬಂದೈತಿ!' ಒಳಗಿನಾಕಿ ಸೆರಗ ಎಳಕೊಂಡು ಗಪ್ಪನ ನಿಂತಿದ್ಲು. ಹೆಂಥಾ ಸೊಸಿ ಅಂತೀರಿ! ಮಂದಿ ಕಲ್ಲ ತಗೊಂಡ್ರು. ಅಂವ ಒಂದ ಮಾತ ಆಡಲಿಲ್ಲ, ಒಳಗ ಹ್ವಾದ."

"ಅವರಿಗೆ ಗುರುತೇ ಸಿಗಲಿಲ್ಲೇನು ಅಜ್ಜಿ?" ಶಾಮಲಾ ಕೇಳಿದಳು.

"ಸಿಕ್ಕಿತ್ತು ತಂಗಿ. ಅದನ್ನ ಆ ಬಾಗಲದಾಗಿನಾಕೀನ ನನಗ ಹೇಳಿದ್ಲು, ಕಲ್ಲ ತಪ್ಪಿಸಿಕೊಂಡು ತಿರುಗಿ ಬಂದು, ಇಲ್ಲೇ, ಈ ಕಟ್ಟಿ ಮ್ಯಾಲ ಕುಂತು ನೀರ ಕುಡಕೋತ. 'ಒಳಗ ಹೋಗೂಮುಂದ ಒಮ್ಮೆ ಕಣ್ಣೆತ್ತಿ ನೋಡಿದ್ರವ್ವಾ, ಗುರುತ ಹಿಡದ್ರು' ಅಂದ್ಲು. ಆದ್ರ ಹೆಂಗ ಹೇಳ್ತಾನ? ನಿನ್ನೆ ರಾತ್ರಿ ದೆವ್ವದ ಕೈಯಾಗ ಉಂಡೆ, ಅದರ ಮಗ್ಗಲದಾಗ ಮಲಗಿದೆ ಅಂತ ಓಣಿ ಎದುರಿಗೆ ಹೇಳಾಕ ಆಕ್ಕೈತೇನು? ಸುಮ್ಮನಿರೂದು ಹಗುರ. ಆಕಿ ಕಾಲ ಮುಳ್ಳ ಚುಚ್ಚಿ ರಗತ ಸೋರತಿತ್ತು. ಹೇಳ್ರಿ, ದೆವ್ವಕ್ಕ ರಗತ ಬರ್ತೈತೇನು? ಹಾನಗಲ್ಲಕ್ಕ ತವರಿಗೆ ಹೋಗವ್ವಾ ಅಂದೆ. 'ಪಂಚಮಿ ಹಬ್ಬಕ್ಕ ಅಲ್ಲಿಗೂ ಆ ಒಳಗಿನಾಕೀನ ಮಗಳಾಗಿ ಹೋಗ್ತಾಳ' ಅಂದ್ಲು. ಎದ್ದು, ಮತ್ತ ಆ ಅಡವಿ ಹಾದೀನ ಹಿಡದ್ಲು. ನಾ ಎಷ್ಟ ಕರದ್ರೂ ತಿರುಗಲಿಲ್ಲ."

ಹೇಳುತ್ತ ಹಾಲವ್ವ ಕಣ್ಣೊರೆಸಿಕೊಂಡು, ಹೊಗೆಯ ಮೇಲೆ ತಪ್ಪು ಹಾಕಿ ಬೈದಳು.

ಪ್ರಹ್ಲಾದ ನಕ್ಕುಬಿಟ್ಟ. "ಚಲೋ ಕತಿ ಹೇಳಿದ್ರಿ, ಅಜ್ಜಿ. ಚಾದಕಿಂತ ಕತೀನ ಬಿಸಿ ಅದ" ಎಂದು ಎದ್ದು, ಮೋಟಾರಿನಿಂದ ಹಾಸಿಗೆ ಸುರುಳಿ ತರಲು ಮಳೆಗೆ ಇಳಿದ. ಇಳಿಯುತ್ತ, ತಿರುಗದೆಯೇ, "ಏ, ಮುಂಜಾನೆ ಲಗೂ ಏಳಬೇಕು ನೋಡು" ಎಂದ.

ಶಾಮಲಾ ಹೂಂ ಎನ್ನಲು ಬಾಯಿ ತೆರೆದವಳು ಅನ್ನಲಿಲ್ಲ. ಕುಳಿತಲ್ಲಿ ಕುಳಿತಿರಲಾಗದೆ ಎದ್ದು ಹಾಲವ್ವನ ಪಕ್ಕಕ್ಕೆ ಸರಿದಳು. "ಅಜ್ಜಿ, ಅದು ಆವಾಗಿನ ಮಾತು. ಈಗ ಆ ಹಾದಿಯೊಳಗ ಹಂಗೇನೂ ಇಲ್ಲ, ಅಲ್ಲಾ?"

ಹಾಲವ್ವ ತಲೆಯೆತ್ತಿ ಅವಳ ಮುಖವನ್ನೇ ನೋಡಿದಳು.

"ನನಗೇನ ಗೊತ್ತ ತಂಗಿ... ಎಷ್ಟೋ ಜೋಡಿ ಇಲ್ಲಿ ಮೋಟಾರ ಇಳದು ಆ ಹಾದಿಲೆ ಹೊಕ್ಕಾವು, ಸಂಜಿಕ ತಿರುಗಿ ಬರ್ತಾವು. ಚಾ ಕೊಡೂಮುಂದ ನಾ ಹೆಣ್ಮಕ್ಕಳ ಕಾಲ ನೋಡ್ತೇನಿ. ಕೆಸರ ಹತ್ತಿದ್ರ, ಮುಳ್ಳ ಗೀರಿದ್ರ ಜೀವ ತಣ್ಣಗಾಕ್ಕೈತಿ. ಒಮ್ಮೊಮ್ಮೆ... ಮಕಾ ತುಂಬ ಸೆರಗು, ಕಾಲಿಗೆ ಒಂದ ಕಣ ಧೂಳ ಇರಂಗಿಲ್ಲ. ಆಗ ನಾ ಗಂಡನ ಮಕಾ ನೋಡ್ತೇನಿ. ಅಂವ ಚಾ ಊದಿಕೋತ ಕುಡದು, 'ಏ, ನಡಿ' ಅಂತ ಮೋಟಾರ ಹತ್ತತಾನ. 'ಈಕಿ ನನ್ನ ಹೇಣ್ತಿ ಅಲ್ಲ' ಅಂದ ಗಂಡಸನ್ನ ಇವತ್ತಿನ ತನಕ ನಾ ನೋಡಿಲ್ಲವ್ವಾ... ಒಬ್ಬನ್ನೂ ನೋಡಿಲ್ಲ."