ಬಲಗಡೆಯ ಲೈಟು

ತಾಯಿ ಎಕ್ಸ್‌ರೇಗೆ ಹೋಗಿದ್ದಳು. ಕುಷಾಯಿಗೂಡದ ಎಲುಬಿನ ಡಾಕ್ಟರ ಬಾಗಿಲ ಮುಂದೆ ಶೀತಲ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಶಾಂತಕುಮಾರ, ಅವನ ಆಚೆ ಅವನಿಗೆ ಮಗಳು ಶಿವದೇವಿಯನ್ನು ಕೊಡಲು ಒಪ್ಪಿದ್ದ ಮಲ್ಲಣ್ಣ. ಈ ತೆಲುಗು ಊರಲ್ಲಿ ಕನ್ನಡ ಯಾರಿಗೆ ತಿಳಿದೀತು ಎಂಬ ಧೈರ್ಯದಲ್ಲಿ ಇಬ್ಬರೂ ಗಟ್ಟಿಯಾಗಿಯೇ ಜಗಳಕ್ಕಿಳಿದಿದ್ದರು. ಕನ್ನಡ ಬಲ್ಲ ಶೀತಲ ತಲೆ ಎತ್ತಲಿಲ್ಲ.

“ಅನಂತಗಿರಿ ಘಾಟಿನ್ಯಾಗ, ಅದೂ ತಿರುವಿನ್ಯಾಗ, ನನ್ನ ಕಾರ್ ಯಾಕ ದಾಟಾಕ ಬಂದಿ?” ಎಂದರು ಮಲ್ಲಣ್ಣ.

“ನೀವ ಬಲಗಡೆ ಲೈಟ್ ಹಾಕಿದ್ರಿ. ಮುಂದ ಹೋಗು ಅಂದ್ರಿ ಅಂತ ತಿಳಕೊಂಡೆ.”

“ನಾ ಬಲಕ್ಕ ಹೊಳ್ಳಾವಿದ್ದೆ! ಅಲ್ಲಿ ಚಹಾದಂಗಡಿ ಇತ್ತು. ನೀ ಬಂದು ಕಾರಿನ ಬಾಗಿಲಿಗೇ ಬಡದಿ.”

“ಲಾರಿಯವ್ರು ದಾರಿ ಬಿಡಾಕ ಅದ ಲೈಟ್ ಹಾಕ್ತಾರ್ರಿ.”

“ನಾ ಏನ್ ಲಾರಿ ಡ್ರೈವರ್ ಏನೋ?”

“ಹಾರ್ನ್ ಹೊಡದೆ. ಕೇಳಲಿಲ್ಲೇನ್ರಿ?”

“ನೀವು ಬೈಕಿನವ್ರು ಊರೆಲ್ಲಾ ಹೊಡಕೋತ ಬರ್ತೀರಿ. ಯಾವ್ದಂತ ಕೇಳ್ಲಿ?”

“ಹೊಳ್ಳೋ ಮುಂದ ಕನ್ನಡಿ ನೋಡಬೇಕಿತ್ತು.”

“ನನಗ ಕಲಸ್ತೀ? ಹಿಂಗ ಹಾರಾಡಾವ್ನ ಹಿಂದ ಶಿವದೇವೀನ ಹೆಂಗ ಕುಂದರಸ್ಲಿ? ಈ ಸಂಬಂಧಾನ ಬ್ಯಾಡ ಅನಸಾಕತ್ತೈತಿ.”

ಅಷ್ಟರಲ್ಲಿ ಒಳಗಿನಿಂದ ಶಾಂತಕುಮಾರನ ಹೆಸರು ಕರೆದರು. ಮಲ್ಲಣ್ಣ ಎದ್ದು ಬಾಗಿಲು ತೆರೆದು ಕೈ ಬೀಸಿದರು. ಅವನು ಊರುಗೋಲು ಹಿಡಿದು ನಿಂತನೇ ಹೊರತು ಹೆಜ್ಜೆ ಎತ್ತಲಿಲ್ಲ.

“ಬಾ ಅಂತೀರೋ, ಹೋಗು ಅಂತೀರೋ? ಬಾಯ್ಲೆ ಹೇಳ್ರಿ.”

“ಮಂದಿ ನೋಡಾಕತ್ತಾರ.”

“ನೋಡ್ಲಿ.”

“ಬಾರೋ ಅಳಿಯಾ, ಬಾ!” ಎಂದು ಮಲ್ಲಣ್ಣ ಒದರಿದರು.

ಇಬ್ಬರೂ ಒಳಗೆ ಹೋದರು.