ಬೋರಲು ಹಾಕಿದ ಹರಿಗೋಲು

ಮೈಸೂರು ಮಹಾರಾಜರ ಕಾಲ. ದೊಡ್ಡೇರಿಯಿಂದ ಎರಡು ಹರದಾರಿ ಆಚೆ, ಕೆರೆ ಏರಿಯ ಮೇಲೆ ಬೆಸ್ತರಪಾಳ್ಯ ಎಂಬ ಊರಿತ್ತು. ಏರಿ ಒಡೆದ ಮೇಲೆ ಊರೂ ಹೋಯಿತು, ಮೀನೂ ಹೋಯಿತು, ನೀರೂ ಹೋಯಿತು. ಉಳಿದದ್ದು ಗಂಗಮ್ಮನ ಗುಡಿ, ಕಲ್ಲಿನ ತೂಬು, ಹರಿಗೋಲು ಇಡಲು ಮನೆಗೊಂದರಂತೆ ಏರಿಯುದ್ದಕ್ಕೂ ನೆಟ್ಟ ಕಲ್ಲುಗಳು, ಮತ್ತೆ ಗುಡಿಯ ಮುಂದಿನ ದೀಪದ ಕಂಬ. ಈಗ ಕಂಬಕ್ಕೂ ಗಂಡಾಂತರ ಬಂದಿತ್ತು. ಮಧುಗಿರಿ ಕಡೆಯ ಹೊಸ ರಸ್ತೆಯ ಮೋರಿಗೆ ಉದ್ದನೆಯ ಕಲ್ಲು ಬೇಕೆಂದು ಕಂಟ್ರಾಕ್ಟರು ಮೇಸ್ತ್ರಿ ಬೋರಯ್ಯನನ್ನೂ ನಾಲ್ಕು ಆಳುಗಳನ್ನೂ ಕಳಿಸಿದ್ದ. ಅವರು ಬಂದು ಹಾರೆ ಇಳಿಸುವಷ್ಟರಲ್ಲಿ ಮಳೆ ಹಿಡಿಯಿತು. ಎಲ್ಲರೂ ಗುಡಿಯ ಜಗಲಿಗೆ ಓಡಿದರು.

ಜಗಲಿಯ ಮೇಲೆ ಗಂಗಹನುಮಯ್ಯ ಕೂತಿದ್ದ. ಊರೆಲ್ಲ ಗುಳೆ ಹೋದರೂ ಹೋಗದೆ ಉಳಿದ ಒಬ್ಬನೇ ಬೆಸ್ತ, ಎಂಬತ್ತರ ಮುದುಕ. ಮುಸ್ಸಂಜೆಯಾಗಿತ್ತು. ಕಂಬದ ಗೂಡಿನಲ್ಲಿ ಆಗಲೇ ಹಣತೆ ಉರಿಯುತ್ತಿತ್ತು.

"ತಾತ, ಬೆಳಿಗ್ಗೆ ಕಂಬ ಕೆಡವ್ತೀವಿ. ಬೇಜಾರು ಮಾಡ್ಕಬ್ಯಾಡ," ಎಂದ ಬೋರಯ್ಯ. ಒಳ್ಳೆಯ ಮನುಷ್ಯ, ಹೇಳದೆ ಕೆಡವುವವನಲ್ಲ.

ಮುದುಕ ಸಿಟ್ಟಾಗಲಿಲ್ಲ. "ಮಳೆ ನಿಲ್ಲೋಗಂಟ ನಿಮ್ಗೇನು ಕೆಲ್ಸ? ಕೂತ್ಕಳ್ರಪ್ಪ. ಕೆಡವೋ ಮುಂಚೆ ಅದು ಯಾರ ದೀಪ ಅಂತ ಆದ್ರೂ ತಿಳ್ಕಳ್ಳಿ," ಎಂದು ಶುರು ಮಾಡಿದ.

"ಆಗ ಈ ಕೆರೆ ಹೆಂಗಿತ್ತು ಅಂತೀರಿ... ಆಚೆ ದಡದ ಎಮ್ಮೆ ಇರುವೆ ಕಂಡಂಗೆ ಕಾಣ್ತಿತ್ತು. ನಮ್ಮೋರು ಹೊತ್ತಿಳಿದ್ಮೇಲೆ ಹರಿಗೋಲು ಬುಟ್ಟು, ಬಲೆ ಬೀಸಿ, ಕತ್ತಲಾಗೋ ಹೊತ್ಗೆ ಆ ದೀಪಾನೇ ನೋಡ್ಕಂಡು ದಡಕ್ಕೆ ಬರೋರು. ಬಂದೋನು ಏನ್ ಮಾಡ್ಬೇಕು? ತನ್ನ ಮನೆ ಕಲ್ಲಿನ ತಾವ ಹರಿಗೋಲು ಬೋರಲು ಹಾಕ್ಬೇಕು. ದೀಪದ ಪಾಳಿ ಯಾವ ಮನೇದೋ ಆ ಮನೆ ಹೆಂಗಸು ಕಂಬದ ತಾವ ನಿಂತು ನೋಡೋಳು... ಎಲ್ಲಾ ಕಲ್ಲಿಗೂ ಹರಿಗೋಲು ಬೋರಲು ಬಿದ್ದದೆ ಅಂದ್ರೆ ಎಲ್ರೂ ಬಂದವ್ರೆ ಅಂತ. ಆಮೇಲೆ ದೀಪ ಆರ್ಸೋಳು. ಒಂದೇ ಒಂದು ಕಲ್ಲು ಬರಿದಿದ್ರೂ ಆರ್ಸಂಗಿಲ್ಲ.

"ಆವತ್ತು ಓಬಕ್ಕನ ಪಾಳಿ. ಮದ್ವೆಯಾಗಿ ಎಂಟು ತಿಂಗ್ಳು. ಗಂಡ ಮುದ್ದಣ್ಣ, ನೀರಿಗಿಳಿಯೋವಾಗ್ಲೂ ಅವಳನ್ನೇ ನೋಡ್ಕಂಡು ನಗ್ತಿದ್ದೋನು. ಕತ್ತಲಾಗೋ ಹೊತ್ಗೆ ಇಂಗೇ ಮಳೆ ಹಿಡೀತು... ಪಾಳ್ಯದಾಗೆ ಇನ್ನೊಬ್ಬ ಇದ್ದ, ಮೈಗಳ್ಳ. ಆವತ್ತೇ ಹೊಸ ಹರಿಗೋಲಿಗೆ ಚರ್ಮ ಬಿಗ್ದು ಎಣ್ಣೆ ಸವರಿದ್ದ. ಒಣಗಾಕೆ ಬೋರಲು ಹಾಕ್ಬೇಕಲ್ಲ? ಅವನ ಕಲ್ಲಿನ ತಾವ ಆಗ್ಲೇ ಹಳೇ ಹರಿಗೋಲು ಬೋರಲು ಬಿದ್ದಿತ್ತು, ಜಾಗಾನೂ ತಗ್ಗು, ನೀರು ನಿಲ್ತದೆ. ಮುದ್ದಣ್ಣನ ಕಲ್ಲು ಎತ್ತರದಾಗೆ. 'ಅವನು ಬರೋ ಹೊತ್ಗೆ ತೆಗೆದ್ರಾಯ್ತು ಬುಡು' ಅಂತ ಅಲ್ಲಿ ಹಾಕಿ, ಮನೇಗೋಗಿ ಬೆಚ್ಚಗೆ ಮಲಗ್ಬುಟ್ಟ.

"ಓಬಕ್ಕ ಮಬ್ಬಿನಾಗೆ ನೋಡಿದ್ಲು... ಎಲ್ಲಾ ಕಲ್ಲಿಗೂ ಹರಿಗೋಲು. ತನ್ನ ಮನೆ ಕಲ್ಲಿಗೂ. 'ನನ್ನ ಕಣ್ತಪ್ಸಿ ಮನೇಗೋಗವ್ನೆ, ಕಳ್ಳ' ಅಂತ ನಕ್ಕಂಡು ದೀಪ ಆರಿಸ್ಬುಟ್ಲು. ಮನೇಗ್ ಬಂದ್ರೆ ಯಾರವ್ರೆ? ಓಡಿ ಬಂದು ಮತ್ತೆ ಹಚ್ಚಾಕೆ ನೋಡಿದ್ಲು... ಗಾಳಿಗೆ ಬತ್ತಿ ಹತ್ಲಿಲ್ಲ ಕಣ್ರಪ್ಪ. ಕೆರೆ ನಡುವಿಂದ ಹರಿಗೋಲಿನ ಅಂಚಿಗೆ ಹುಟ್ಟು ಬಡಿಯೋ ಸದ್ದು... ಟಕ್... ಟಕ್... ದೀಪ ಕಾಣ್ತಿಲ್ಲ ಅಂತ ಕೂಗೋ ಬದ್ಲು ನಮ್ಮೋರು ಅಂಗೇ ಬಡೀತಿದ್ರು. ಒಂದು ಗಳಿಗೆಗೆ ಅದೂ ನಿಂತೋಯ್ತು. ಹೆಣಾನೂ ಸಿಗ್ಲಿಲ್ಲ."

ಬೋರಯ್ಯ ಕಂಬದ ದೀಪದ ಕಡೆ ತಿರುಗಿ ನೋಡಿದ. ಅವನ ಮಗಳ ಮದುವೆಯಾಗಿಯೂ ವರ್ಷ ತುಂಬಿರಲಿಲ್ಲ.

"ಆವತ್ತಿಂದ ಸಾಯೋಗಂಟ ಓಬಕ್ಕ ಒಂದು ಸಂಜೇನೂ ಬುಡದೆ ದೀಪ ಹಚ್ಚಿದ್ಲು, ಒಂದಿನಾನೂ ಆರಿಸ್ಲಿಲ್ಲ. ಮಳೆ ಬಂದಾಗೆಲ್ಲ ಟಕ್ ಟಕ್ ಅನ್ನೋದು. ಮೊದ್ಲು ಕೆರೆ ನಡುವಿಂದ... ಆಮೇಲೆ ವರ್ಸ ವರ್ಸಕ್ಕೂ ಒಂದಿಷ್ಟು ಹತ್ರ. ಏರಿ ಒಡೆದು ನೀರೆಲ್ಲ ಹೋದ್ಮೇಲೂ ನಿಲ್ಲಲಿಲ್ಲ. ಜನ ಹೆದರಿ ಊರು ಬುಟ್ರು. ಹೆದರಾಕೇನೈತೆ? ಮನೇಗ್ ಬರೋನು, ಪಾಪ, ದಾರಿ ಹುಡುಕ್ಕಂಡು ಬತ್ತಾವ್ನೆ... ಸಾಯೋವಾಗ ಓಬಕ್ಕ ಆ ಮೈಗಳ್ಳನ್ನ ಕರ್ಸಿ, 'ನಿನ್ ಮ್ಯಾಲೆ ಸಿಟ್ಟಿಲ್ಲ ಕಣಣ್ಣ. ಅವ್ರು ಬರೋಗಂಟ ದೀಪ ಆರಕ್ಕೆ ಬುಡಬ್ಯಾಡ' ಅಂದ್ಲು."

"ಅವನು ಮಾತು ಉಳಿಸ್ಕಂಡ್ನಾ ತಾತ?" ಎಂದ ಬೋರಯ್ಯ.

"ಇವತ್ತೂ ಹಚ್ಚಿವ್ನಿ, ಕಾಣ್ಲಿಲ್ವಾ?" ಮುದುಕ ಕಂಬದ ಕಡೆ ಕೈ ತೋರಿಸಿದ. "ಓಬಕ್ಕ ಹೋಗಿ ಮೂವತ್ತು ವರ್ಸ ಆಯ್ತು ಕಣಪ್ಪ. ಹೋದ್ವರ್ಸ ಸದ್ದು ತೂಬಿನ ತಾವ ಕೇಳ್ತು. ಇನ್ನೆಷ್ಟು ದೂರ ಹೇಳು? ಈ ಮಳೇಲಿ ಮುಟ್ತಾನೆ. ಅವನ ಕಾಲು ಹಿಡ್ಕಂಡು ತಪ್ಪಾಯ್ತು ಅಂತ ಒಂದ್ಸಲ ಅನ್ಬೇಕು... ಆಮೇಲೆ ಕಂಬ ನಿಂದೇ, ನಾನೇ ಹಾರೆ ಹಿಡೀತೀನಿ. ಅಲ್ಲೀಗಂಟ ಬುಡು ಬೋರಯ್ಯ."

ಅಷ್ಟರಲ್ಲಿ ಮಳೆ ನಿಂತಿತು. ಸೂರಿನ ಹನಿಯೂ ನಿಂತಿತು. ಆದರೆ ಗುಡಿಯ ಮುಂದೆ, ಎತ್ತರದಲ್ಲಿದ್ದ ಮುದ್ದಣ್ಣನ ಕಲ್ಲಿನ ಕಡೆಯಿಂದ, ಟಕ್... ಟಕ್... ಎನ್ನುವುದು ನಿಲ್ಲಲಿಲ್ಲ.

ಆಳುಗಳು ಗುಡಿಯ ಗೋಡೆಗೆ ಒತ್ತರಿಸಿಕೊಂಡು ಕೂತರು. ಬೋರಯ್ಯ ಎದ್ದು, ಮುದುಕನ ಪಕ್ಕದಲ್ಲಿದ್ದ ಎಣ್ಣೆ ಕುಡಿಕೆ ತೆಗೆದುಕೊಂಡು ಕಂಬದ ಹತ್ತಿರ ಹೋದ.

"ತುಂಬ ಹಾಕು," ಎಂದ ಗಂಗಹನುಮಯ್ಯ, ಕತ್ತಲನ್ನೇ ನೋಡುತ್ತ. "ಹಾಕಿ ಅಲ್ಲೇ ನಿಂತ್ಕ. ನೆನೆದ ಹರಿಗೋಲು ಬಲು ಭಾರ ಕಣಪ್ಪ... ಎತ್ತಿ ಬೋರಲು ಹಾಕಾಕೆ ಎರಡಾಳು ಬೇಕು."